ಎಡಗೈ ತಾಯಿಯ ಅಚ್ಚು

ಗದಗ,
ಫೆಬ್ರವರಿ ಮೂವತ್ತು, 2261

ನೀಲಗಂಗಜ್ಜಿಗೆ ಮುಕ್ತಾಯಿಯ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ, ಫೆಬ್ರವರಿಗೆ ಎರಡು ದಿನ ಕೂಡಿಸಿ ಆಗಲೇ ನೂರು ವರ್ಷವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗಿನ್ನೂ ಮೂವತ್ತೆರಡು, ನನಗೆ ಎಪ್ಪತ್ತು. ಆದರೂ ಏಳು ತಲೆಮಾರಿನ ಹಿಂದಿನವರಾದ್ದರಿಂದ ಅಜ್ಜಿ ನೀವೇ. ಈ ಕಾಗದ ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ತೀರಿಕೊಂಡ ಗಂಡನಿಗೆ ಬರೆಯುವುದು ಬಿಟ್ಟು ಒಂದು ಮರದ ಹಲಗೆಗಾಗಿ ಬರೆಯುತ್ತಿದ್ದಾಳೆಂದು ನೆರೆಯವರು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ.

ಚಿತ್ರ ಅಚ್ಚೊತ್ತಲು ನೀವು ಕೊರೆದ ಆ ಹಲಗೆ ಇಂದು ನಿಮ್ಮ ಮುಂದಿದೆ. ಕ್ಯಾಲೆಂಡರಿನ ದೇವಿಯ ಹತ್ತು ಕೈಗಳಿಂದ ಆಯುಧ ಇಳಿಸಿ, ಕುಕ್ಕರು, ಪೊರಕೆ, ಟಿಫಿನ್ ಡಬ್ಬಿ, ಆಫೀಸಿನ ಫೈಲು, ಮೊಬೈಲು ಅಂತ ಒಂದೊಂದೇ ಕೊಟ್ಟಿರಿ. ಹರಸಲು ಉಳಿದದ್ದು ಒಂದೇ ಕೈ. ಹೆಂಗಸರಿಗೆ ದೇವಿಯೆಂದು ಕೈಮುಗಿದು ಕೆಲಸವನ್ನೆಲ್ಲ ಅವರ ತಲೆಗೇ ಕಟ್ಟುವವರನ್ನು ಚುಚ್ಚಬೇಕೆಂದು ನಿಮ್ಮ ಆಸೆ, ನಿಮ್ಮ ಡೈರಿಯಲ್ಲಿ ಓದಿದ್ದೇನೆ. ಅಚ್ಚೊತ್ತಿದಾಗ ಎಲ್ಲವೂ ತಿರುಗುಮುರುಗಾಗುತ್ತದೆಂದು ಚಿತ್ರದ ಕೆಳಗಿನ ಅಕ್ಷರಗಳನ್ನು ಜೋಪಾನವಾಗಿ ತಿರುವಿ ಕೊರೆದಿರಿ. ಕೈಗಳನ್ನು ತಿರುವಲು ಮರೆತಿರಿ. ಮೊದಲ ಪ್ರತಿಯಲ್ಲಿ ತಾಯಿ ಎಡಗೈಯಿಂದ ಹರಸುತ್ತಾ ಬಂದಳು. ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದೀರಿ: ‘ತಪ್ಪಾತು. ನಾಳೆ ಹೆರೆದು ಹಾಕಬೇಕು.’

ಅಜ್ಜಿ, ಆ ತಪ್ಪೇ ನಮ್ಮೂರಿನ ಪದ್ಧತಿಯಾಗಿದೆ. ನೀವು ಕುಟುಕಲು ಮಾಡಿದ ಚಿತ್ರಕ್ಕೆ ನಾವು ದೀಪ ಹಚ್ಚುತ್ತೇವೆ, ಬೈಯಬೇಡಿ. ಮೊಬೈಲನ್ನು ನಮ್ಮ ಪಂಡಿತರು ಶೇಂಗಾ ಚಿಕ್ಕಿಯೆಂದು ತೀರ್ಮಾನಿಸಿ, ನೈವೇದ್ಯಕ್ಕೆ ಅದನ್ನೇ ಇಡಿಸುತ್ತಾರೆ. ಕುಕ್ಕರು ಮಾತ್ರ ಈಗಲೂ ಇದೆ, ಈಗಲೂ ಸೀಟಿ ಹೊಡೆಯುತ್ತದೆ. ಬಲಗೈಗಳೆಲ್ಲ ಕೆಲಸದಲ್ಲಿರುವ ತಾಯಿ ಎಡಗೈಯಲ್ಲಿ ಹರಸುತ್ತಾಳಾದ್ದರಿಂದ ಹಿರಿಯರೆಲ್ಲ ಹರಸುವುದು ಎಡಗೈಯಿಂದಲೇ. ಇದಕ್ಕೆ ಎಡಹರಕೆ ಎನ್ನುತ್ತೇವೆ. ತಾಯಿಯ ಹಬ್ಬದಂದು ಹೆಂಗಸರ ಎರಡೂ ಕೈಗಳಿಗೆ ಬಿಡುವು, ಗಂಡಸರದೇ ಅಡುಗೆ. ರುಚಿ ಅಷ್ಟಕ್ಕಷ್ಟೇ. ಆದರೂ ಕೂತಲ್ಲಿಗೇ ಬರುವ ಊಟ, ಖುಷಿಯಿಂದ ಉಣ್ಣುತ್ತೇವೆ.

ನನ್ನ ಮೊಮ್ಮಗಳು ಇಳಾ ಎಡಚಿ. ನಿಮ್ಮ ಕಾಲದಲ್ಲಿ ಎಡಗೈಯಲ್ಲಿ ತುತ್ತೆತ್ತಿದ ಮಕ್ಕಳ ಕೈಮೇಲೆ ಏಟು ಬೀಳುತ್ತಿತ್ತಂತೆ. ಹೇಳಿದರೆ ಅವಳು ನಂಬಲಿಲ್ಲ. ‘ಯಾಕ ಹೊಡೀತಿದ್ರು ಆಯಿ? ಇದು ತಾಯೀ ಕೈ ಅಲ್ಲೇನು?’ ಅಂದಳು. ನನಗೆ ಕಣ್ಣು ತುಂಬಿ ಬಂತು.

ಹಲಗೆ ನಮ್ಮ ಮನೆಯಲ್ಲೇ ಇದೆ. ಅಂದರೆ ನೀವು ಅದನ್ನು ಹೆರೆಯಲಿಲ್ಲ. ನಿಮ್ಮ ಮನಸ್ಸು ಯಾಕೆ ಬದಲಾಯಿತೆಂದು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ಬಹುಶಃ ಈ ಕಾಗದ ತಲುಪಿದ್ದರಿಂದಲೇ ಇರಬೇಕು. ಹೌದೋ ಅಲ್ಲವೋ, ಬರೆಯದೆ ಸುಮ್ಮನಿರುವ ಧೈರ್ಯ ನನಗಿಲ್ಲ.

ನಾಳೆ ಉಳಿ ಎತ್ತಬೇಡಿ, ಅಜ್ಜಿ. ಇಲ್ಲಿ ನನ್ನ ಪಕ್ಕದಲ್ಲಿ ಕೂತು ಇಳಾ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದಾಳೆ.

ನಿಮ್ಮ
ಮುಕ್ತಾಯಿ