ಅವ್ವನ ಮೇಣದ ಹಲ್ಲು

ಬೀದರ
ಕಾರ್ತಿಕ ಬಹುಳ ಪಂಚಮಿ, ಫಸಲಿ ೧೩೨೩

ಅವ್ವಾ,

ನಿನ್ನ ಪಾದಗಳಿಗೆ ನಿನ್ನ ಶಿವಕಾಂತಾಳ ಶರಣು. ಮೊದಲು ಇಷ್ಟು ಓದಿ ಒಂದು ಗುಟುಕು ನೀರು ಕುಡಿ: ನನ್ನನ್ನು ತವರಿಗೆ ಕಳಿಸುವ ಮಾತು ನಿಂತಿತು. ಹೋದ ಸಲದ ನನ್ನ ಪತ್ರ ಓದಿ ನೀನು ರೊಟ್ಟಿ ಬಿಟ್ಟು ಕೂತಿದ್ದೀ ಎಂದು ಭಾಲ್ಕಿಯಿಂದ ಬಂದ ಮಡೆಪ್ಪ ಕಾಕಾ ಹೇಳಿದರು. ಇನ್ನು ಏಳು, ಉಣ್ಣು.

ಮದುವೆಯಾಗಿ ಎಂಟು ತಿಂಗಳು ನೀನು ಆಣೆ ಹಾಕಿಸಿದಂತೆಯೇ ಇದ್ದೆ. ಮುಂದಿನ ಹಲ್ಲು ಇಲ್ಲದ್ದು ಔರಾದಿನ ಅತ್ತೆಮನೆಯಲ್ಲಿ ಯಾರಿಗೂ ತಿಳಿಯಬಾರದೆಂದು ಬಾಯಿಂದ ಸೆರಗು ಇಳಿಸಲಿಲ್ಲ. ನಗು ಬಂದರೆ ದನದ ಕೊಟ್ಟಿಗೆಗೆ ಓಡಿದೆ. ಉಣ್ಣುವಾಗ ಗೋಡೆಗೆ ಮುಖ ಮಾಡಿದೆ. ಸೊಸೆ ಭಾರಿ ಮರ್ಯಾದೆಯವಳು ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ನಿನ್ನ ಅಳಿಯ ಮಾತ್ರ ಬೇರೆಯೇ ತಿಳಿದುಕೊಂಡರು. "ಆಕಿಗಿ ನಾ ಮನಸಿಗಿ ಬಂದಿಲ್ಲ. ಸುಮ್ನ ಯಾಕ ಹಿಡ್ಕೊಂಡು ಕೂಡೂದು? ತವರಮನಿಗಿ ಬಿಟ್ಟು ಬರ್ತೇನಿ" ಎಂದು ಅತ್ತೆಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ.

ಬಂಡಿ ಹೂಡಿದ ಬೆಳಿಗ್ಗೆ ತಡೆಯಲಾಗಲಿಲ್ಲ ಅವ್ವಾ, ನಿನ್ನ ಆಣೆ ಮುರಿದೆ. ಸೆರಗು ತೆಗೆದು, ಬಾಯಿ ತೆರೆದು ತೋರಿಸಿದೆ. ಅವರು ನೋಡಿದರು. "ಇಷ್ಟಕ್ಕ ಎಂಟ್ ತಿಂಗಳಾ ನಗಲಿಲ್ಲೇನ?" ಎಂದರು.

ಅವರಿಗೆ ಮೊದಲೇ ಗೊತ್ತಿತ್ತಂತೆ! ಹೆಣ್ಣು ನೋಡಲು ಬಂದ ದಿನ ನೀನು ಜೇನುಮೇಣಕ್ಕೆ ಅಕ್ಕಿಹಿಟ್ಟು ಕಲಸಿ ಅಂಟಿಸಿದ ಹಲ್ಲು ನೆನಪಿದೆಯಲ್ಲ? ಆ ಸಂಜೆ ನಾವಿಬ್ಬರೂ ಪಡಸಾಲೆಯನ್ನೆಲ್ಲ ಗುಡಿಸಿದರೂ ಸಿಗದ ಹಲ್ಲು? ಅದು ನಾನು ತಂದಿಟ್ಟ ಅವಲಕ್ಕಿ ಚುಡುವಾದ ತಾಟಿನಲ್ಲೇ ಬಿದ್ದಿತ್ತು. ಕೊಬ್ಬರಿ ಚೂರೆಂದು ನಿನ್ನ ಅಳಿಯ ಅಗಿದೇಬಿಟ್ಟಿದ್ದರು. ಬಾಯಿಗೆ ಮೇಣ ಅಂಟಿ, ತಲೆ ಎತ್ತಿದರೆ ನನ್ನ ಹಲ್ಲಿನ ಸಂದಿ ಕಂಡು ಅದೇನೆಂದು ತಿಳಿಯಿತಂತೆ. ಅದೇನು ದೊಡ್ಡ ಮಾತು ಎಂದು ಆಮೇಲೆ ಮರೆತೂಬಿಟ್ಟಿದ್ದರು. ಅದಕ್ಕೇ ನಾನು ನಗದಿದ್ದುದಕ್ಕೆ ಹಲ್ಲು ಕಾರಣವೆಂದು ಅವರಿಗೆ ಹೊಳೆಯಲೇ ಇಲ್ಲ, ತಾವೇ ಕಾರಣವೆಂದುಕೊಂಡರು. ಅಯ್ಯೋ ಶಿವನೇ, ಅಂಗಳದಲ್ಲೇ ಕುಸಿದು ಕೂತು ನಕ್ಕೆ, ಅಳುವೂ ಬಂತು, ಮತ್ತೆ ನಕ್ಕೆ.

ಭಾಲ್ಕಿಗೆ ಹೂಡಿದ್ದ ಬಂಡಿ ಬೀದರಕ್ಕೆ ತಿರುಗಿತು. ಅತ್ತೆಯೂ ಹತ್ತಿದರು. ದಾರಿಯುದ್ದಕ್ಕೂ ನಿನ್ನನ್ನು ಬೈದರು, ಸುಳ್ಳೇಕೆ ಹೇಳಲಿ. ಜನವಾಡದಲ್ಲಿ ಬುತ್ತಿ ಬಿಚ್ಚಿದಾಗ ಮೊದಲ ರೊಟ್ಟಿ ನನ್ನ ಕೈಗೇ ಕೊಟ್ಟರು.

ಚೌಬಾರಾ ಬುರುಜಿನ ಹತ್ತಿರ ಜಹೀರೋದ್ದೀನ ಸಾಹೇಬರು ಹಲ್ಲು ಕಟ್ಟುತ್ತಾರೆ, ಹೈದರಾಬಾದಿನಲ್ಲಿ ಕಲಿತವರು. ಅವರ ಹೆಂಡತಿ ಜಾಹೇದಾ ಬೇಗಂ ನನ್ನನ್ನು ಒಳಗೆ ಕರೆದು ಮಿಸ್ಸಿಯ ಡಬ್ಬಿ ತೋರಿಸಿದರು. ಆ ಕರಿ ಪುಡಿ ತಿಕ್ಕಿದರೆ ಹಲ್ಲಿನ ಸಾಲೆಲ್ಲ ಕಪ್ಪಾಗಿ ಸಂದಿ ಕಾಣುವುದೇ ಇಲ್ಲವಂತೆ. ಅವರ ಬಾಯಿಗೆ ಅದು ಬಹಳ ಚಂದ ಒಪ್ಪಿತ್ತು. ನನಗೆ ಮಾತ್ರ ಮುಚ್ಚಿಡುವುದು ಸಾಕಾಗಿ ಹೋಗಿತ್ತು. ನಿನ್ನ ಅಳಿಯನಿಗೆ ಚಿನ್ನದ ಹಲ್ಲಿನ ಮೇಲೆ ಮನಸ್ಸು. ಬಾಯಿ ತೆರೆದರೆ ಜನ ನನ್ನ ಮಾತು ಬಿಟ್ಟು ಹಲ್ಲನ್ನೇ ನೋಡುತ್ತಾರೆ, ಬೇಡವೆಂದೆ. ಉಳಿದದ್ದು ಆನೆಯ ದಂತ. ಅದನ್ನು ಹಲ್ಲಿನಂತೆ ಕೆತ್ತಿ, ಸಣ್ಣ ಚಿನ್ನದ ತಂತಿಯಿಂದ ಅಕ್ಕಪಕ್ಕದ ಹಲ್ಲಿಗೆ ಬಿಗಿಯುತ್ತಾರೆ.

ಅತ್ತೆ ಕಿವಿ ಮುಚ್ಚಿಕೊಂಡರು. "ಲಿಂಗಾ ಕಟ್ಟಿದಾಕಿ ಬಾಯಾಗ ಎಲುಬಾ? ಛೀ ಛೀ!" ಎಂದರು. ಸಾಹೇಬರು ಮೆಲ್ಲಗೆ, "ಅಮ್ಮಾ, ಈಗ ನಿಮ್ಮ ಬಾಯಾಗ ಇರೋದು ಏನದರಿ?" ಎಂದು ಕೇಳಿದರು. ಅತ್ತೆ ತಮ್ಮ ಹಲ್ಲುಗಳನ್ನು ನಾಲಿಗೆಯಿಂದ ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಆಮೇಲೆ ಚೀಲದಿಂದ ವಿಭೂತಿ ತೆಗೆದು, "ಇದಿಷ್ಟು ಹಚ್ಚಿ ಕಟ್ರಿ" ಎಂದರು.

ನಿನ್ನೆ ಕಟ್ಟಿದರು. ಬಣ್ಣ ತುಸು ಹಳದಿ, ನಿಂತದ್ದೂ ತುಸು ಓರೆ. ಕಲೆ ಕೂರುತ್ತದೆಂದು ಎಲೆ ಅಡಿಕೆ ಬಿಡಿಸಿದ್ದಾರೆ, ರೊಟ್ಟಿ ಬೇಳೆಯಲ್ಲಿ ನೆನೆಸಿಯೇ ತಿನ್ನಬೇಕು. ಇರಲಿ ಬಿಡು. ನಿನ್ನ ಅಳಿಯ ಕಾರಣವಿಲ್ಲದೆ ಏನಾದರೂ ಹೇಳಿ ನನ್ನ ಬಾಯಿ ನೋಡುತ್ತಾರೆ. ನನಗೂ ನಕ್ಕು ನಕ್ಕು ಕೆನ್ನೆ ನೋಯುತ್ತಿದೆ. ಎದೆ ಎಷ್ಟು ಹಗುರಾಗಿದೆ ಎಂದು ಹೇಗೆ ಬರೆಯಲಿ!

ಸಂಕ್ರಾಂತಿಗೆ ಇಬ್ಬರೂ ಬರುತ್ತೇವೆ. ಚುಡುವಾ ಮಾಡಬೇಕಂತೆ, ಈ ಸಲ ಮೇಣ ಬೇಡವಂತೆ.

ಹಲ್ಲು ಕಾಣುವಂತೆ ನಗುವ ನಿನ್ನ ಮಗಳು,
ಶಿವಕಾಂತಾ

ತಾ. ಕ.: ಅಪ್ಪನಿಗೆ ಓದಿ ಹೇಳುವಾಗ ಇದೊಂದನ್ನು ಬಿಡು. ಹಲ್ಲು ಹೇಗೆ ಹೋಯಿತೆಂದು ಅತ್ತೆ ಕೇಳಿದರು. ಬಾವಿಯ ಮೆಟ್ಟಿಲ ಮೇಲೆ ಬಿದ್ದೆ ಎಂದೆ. ನೀನು ಸಿಟ್ಟಿನಲ್ಲಿ ಎಸೆದ ತಂಬಿಗೆಯ ಮಾತು ನನ್ನ ಬಾಯಿಂದ ಬರಲಿಲ್ಲ, ಬರುವುದೂ ಇಲ್ಲ. ಐದು ವರ್ಷವಾಯಿತು, ಅಂದಿನಿಂದ ನೀನೂ ನನ್ನ ಮುಂದೆ ನಕ್ಕಿಲ್ಲ. ನನ್ನ ಹಲ್ಲು ಬಂತಲ್ಲ ಅವ್ವಾ, ಇನ್ನು ನೀನೂ ನಗು.