ಹೆಬ್ಬೆರಳಷ್ಟು ಹೀರೋ

ಜುಲೈ 9, ಗುರುವಾರ

ಸೂಪರ್‌ಹೀರೋ ಎಂದರೆ ಅವನ ತಲೆಯ ಎಂಟು ಪಟ್ಟು ಎತ್ತರವಿದ್ದು, ಹಾಳೆಯ ತುಂಬ ನಿಲ್ಲಬೇಕು. ಮೊದಲು ಚಿತ್ರ, ಆಮೇಲೆ ಅವನ ಕತೆ. ಚಿತ್ರದ ಮೇಷ್ಟ್ರಾದಾಗಿನಿಂದ ಇದೇ ಪಾಠ ಒಪ್ಪಿಸುತ್ತಿದ್ದೇನೆ.

ನಾವೆಲ್ಲ ಗುಬ್ಬಿ ಎಂದು ಕರೆಯುವ ಮೂರನೇ ಕ್ಲಾಸಿನ ಹುಡುಗಿ ಇವತ್ತು ಹಾಳೆಯ ಮೂಲೆಯಲ್ಲಿ ಹೆಬ್ಬೆರಳಷ್ಟು ಹೀರೋನನ್ನು ಬರೆದಿದ್ದಳು. ಕತೆ ಕೇಳುವ ಮೊದಲೇ ರಬ್ಬರ್ ತೆಗೆದು ಅಳಿಸಿಬಿಟ್ಟೆ. "ದೊಡ್ಡದಾಗಿ ಬರಿಯಮ್ಮ."

"ದೊಡ್ಡವನಾದ್ರೆ ಮಂಚದ ಕೆಳಗೆ ತೂರಕ್ಕಾಗಲ್ಲ ಸರ್."

"ಅಲ್ಲಿ ಅವನಿಗೇನು ಕೆಲಸ?"

"ಅಪ್ಪಂಗೆ ಸಿಟ್ಟು ಬಂದಾಗ ನಾನು ಅಲ್ಲೇ ಇರೋದು."

ಹಾಳೆ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದೆ.

ಸಂಜೆ ಗೇಟಿನ ಬಳಿ ಅವಳಪ್ಪ ಸಿಕ್ಕ. "ನಮ್ಮ ಹುಡುಗಿಗೆ ನಿಮ್ಮ ಕ್ಲಾಸ್ ಅಂದ್ರೆ ಪ್ರಾಣ ಸರ್," ಎಂದು ನಕ್ಕ. ನಾನೂ ಹಲ್ಲು ಕಿರಿದೆ. ನನ್ನಂಥ ಹೇಡಿಯ ಹತ್ತಿರ ಮಕ್ಕಳು ಹೀರೋಗಳ ಕತೆ ಕಟ್ಟಲು ಕಲಿಯುತ್ತಿವೆ.

ನಾಳೆ ಹೆಡ್‌ಮಿಸ್‌ಗೆ ಹೇಳಬೇಕು. ಹೇಳಿದರೆ ಅವಳಪ್ಪನನ್ನೇ ಕರೆಸಿ ವಿಚಾರಿಸುತ್ತಾರೆ. ಆಮೇಲೆ ಅವಳು ಅದೇ ಮನೆಗೆ ಹೋಗಬೇಕಲ್ಲ.

ಹಾಳೆ ನನ್ನ ಬಳಿಯೇ ಉಳಿದಿದೆ. ಅಳಿಸಿದ ಗುರುತಿನ ಮೇಲೆ ಆ ಹೀರೋನನ್ನು ಮತ್ತೆ ಬರೆಯಲು ಕೂತೆ. ಅಷ್ಟು ಚಿಕ್ಕದಾಗಿ ನನ್ನ ಕೈಗೆ ಬರುತ್ತಿಲ್ಲ. ಈ ರಾತ್ರಿ ಆ ಮಂಚದ ಕೆಳಗೆ ಅವಳೊಬ್ಬಳೇ.