ಒಂಬತ್ತನೇ ಪ್ರಶ್ನೆ

ಹದಿನಾಲ್ಕನೇ ತಾರೀಕು, ಭಾನುವಾರ
ಬೆಳಿಗ್ಗೆ ಏಳು ಗಂಟೆ, ಶಟಲ್ ಹಾಲ್‌ನ ಆಫೀಸು

ನನ್ನ ಪುಟ್ಟಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ ಅಕ್ಕನನ್ನು ನೀನು ಎಷ್ಟು ಬೈದುಕೊಂಡಿದ್ದೀಯೋ ಅಷ್ಟನ್ನೂ ತಲೆಬಾಗಿ ಒಪ್ಪಿಕೊಂಡಿದ್ದೇನೆ. ಮಂಡಿನೋವು ಹೇಗಿದೆ? ನಿಮ್ಮ ಮನೆಯವರು ಸಕ್ಕರೆ ಬಿಟ್ಟರಾ, ಇಲ್ಲ ನೀನು ಆ ಕಡೆ ತಿರುಗಿದ ಕೂಡಲೇ ಡಬ್ಬಿಗೆ ಕೈ ಹಾಕುತ್ತಾರಾ? ನನ್ನ ಚಿಂತೆ ಬಿಡು, ಗುಂಡುಕಲ್ಲಿನ ಹಾಗಿದ್ದೇನೆ. ತಡವಾದದ್ದಕ್ಕೆ ಕಾರಣ ಒಂದು ಜಗಳ. ಊರೆಲ್ಲ ಒಂದು ಕಡೆ, ನಿನ್ನ ಅಕ್ಕ ಒಂದು ಕಡೆ.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ಈ ಮಕ್ಕಳ ಶಟಲ್ ಕ್ಲಬ್ಬಿಗೆ ಕಾರ್ಯದರ್ಶಿಯಾಗಿ ಬರುತ್ತೇನೆಂದು ಬರೆದಿದ್ದೆನಲ್ಲ. ನಲವತ್ತಾರು ಮಕ್ಕಳು. ಸಂಬಳ ಇರುವುದು ಕೋಚ್ ಒಬ್ಬಳಿಗೆ. ಸ್ಕೋರ್ ಬರೆಯುವವರು, ಕಾಲು ಉಳುಕಿದರೆ ಪಟ್ಟಿ ಸುತ್ತುವವರು, ಮಕ್ಕಳನ್ನು ಪಂದ್ಯಕ್ಕೆ ಕರೆದೊಯ್ಯುವವರು, ಎಲ್ಲ ಬಿಟ್ಟಿ ಸೇವೆ. ಯಾರಾದರೂ ಬಂದು "ನಾನೂ ಸಹಾಯ ಮಾಡ್ಲಾ?" ಅಂದರೆ ಸಾಕು, ಹಾಲ್‌ನ ಬೀಗದಕೈ ಕೈಗಿಡುತ್ತಿದ್ದರು. ಮನೆಗೆ ಗ್ಯಾಸ್ ಸಿಲಿಂಡರ್ ತರುವವನನ್ನು ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ, ಅಲ್ಲವೇ?

ಸ್ವಯಂಸೇವಕರನ್ನೆಲ್ಲ ವಿಚಾರಿಸಿಯೇ ಸೇರಿಸಿಕೊಳ್ಳಬೇಕೆಂದು ಮೇಲಿನಿಂದ ಒಂದು ಸುತ್ತೋಲೆ ಬಂದು ವರ್ಷವಾಗಿತ್ತು. ನಮ್ಮ ಅಧ್ಯಕ್ಷರು ಅದನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು. ನಾನು ಎಳೆದು ತೆಗೆದೆ. ಮೇಜು ಈಗಲೂ ಅಲುಗಾಡುತ್ತದೆ, ಅಲುಗಾಡಲಿ. ಅದರಲ್ಲಿದ್ದ ಎಂಟು ಪ್ರಶ್ನೆಗಳನ್ನಿಟ್ಟು ಒಂದು ಫಾರಂ ಮಾಡಿದೆ: ಹಿಂದೆ ಎಲ್ಲೆಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದ್ದೀರಿ, ನಿಮ್ಮನ್ನು ಬಲ್ಲ ಇಬ್ಬರ ಫೋನ್ ನಂಬರ್, ಪೊಲೀಸ್ ಪತ್ರ, ಹೀಗೆ. ಒಂಬತ್ತನೆಯದು ನನ್ನದು: "ಮಗುವೊಂದು ನಿಮ್ಮ ಹತ್ತಿರ ದೂರು ಹೇಳಿದಾಗ ನೀವು ಎಂದಾದರೂ ಸುಮ್ಮನಿದ್ದುಬಿಟ್ಟಿದ್ದೀರಾ?"

ಮೀಟಿಂಗಿನಲ್ಲಿ ಫಾರಂ ಹಂಚಿದೆನೋ ಇಲ್ಲವೋ, ಗಟ್ಟಿಂಗ್ ಮಾವ ಎದ್ದು ನಿಂತರು. ರ‍್ಯಾಕೆಟ್ಟಿಗೆ ತಂತಿ ಹಾಕಿಕೊಡುವವರು, ಮೂವತ್ತು ವರ್ಷದಿಂದ ಇದೇ ಹಾಲ್‌ನ ಮೂಲೆಯಲ್ಲಿ ಕೂತವರು. "ಏನಮ್ಮಾ, ನನ್ನ ಕೈಯಲ್ಲಿ ಬೆಳೆದ ಮಕ್ಕಳ ಮಕ್ಕಳು ಇಲ್ಲಿ ಆಡ್ತಿವೆ. ನಾನೀಗ ಕಳ್ಳನ ಥರ ಪೊಲೀಸ್ ಪತ್ರ ತರ್ಬೇಕಾ?" ಎಂದು ಫಾರಂ ಮುದ್ದೆ ಮಾಡಿ ಎಸೆದು ಹೋದರು. ಕುಂಬಳಕಾಯಿ ಕಳ್ಳ ಅಂದರೆ ಇವರ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ನನ್ನ ತಲೆಯೊಳಗೆ ಹುಳು ಹೊಕ್ಕಿತು. ಒಂದು ವಾರ ಅವರ ಮೇಲೆಯೇ ಕಣ್ಣಿಟ್ಟಿದ್ದೆ. ಗಾದೆ ನನಗೆ ಚೆನ್ನಾಗಿ ಮೋಸ ಮಾಡಿತು, ಪುಟ್ಟಿ.

ಮೊದಲು ಫಾರಂ ತುಂಬಿ ಕೊಟ್ಟವನು ಇನ್ನೊಬ್ಬ. ಮಕ್ಕಳು ಕಾರ್ ಅಂಕಲ್ ಅನ್ನುತ್ತಿದ್ದರು. ಬಂದು ಆರು ತಿಂಗಳು. ಆಟ ಮುಗಿದ ಮೇಲೆ ದೂರದ ಮಕ್ಕಳನ್ನು ತನ್ನ ಕಾರಿನಲ್ಲಿ ಮನೆಗೆ ಬಿಟ್ಟುಬರುತ್ತಿದ್ದ. ಮುತ್ತು ಪೋಣಿಸಿದಂಥ ಅಕ್ಷರ. ಒಂಬತ್ತನೇ ಪ್ರಶ್ನೆಗೆ "ಇಲ್ಲವೇ ಇಲ್ಲ" ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದ. "ನೀವು ಮಾಡ್ತಿರೋದು ಬಹಳ ಒಳ್ಳೇ ಕೆಲಸ ಮೇಡಂ" ಅಂದ. ಅಧ್ಯಕ್ಷರು ಎಲ್ಲರಿಗೂ ಅವನ ಫಾರಂ ಎತ್ತಿ ತೋರಿಸಿದರು. ನಾನೂ ಸಹಿ ಹಾಕುವುದರಲ್ಲಿದ್ದೆ.

ಅಷ್ಟರಲ್ಲಿ ಅವನ ಜಾಕೆಟ್ ಕಣ್ಣಿಗೆ ಬಿತ್ತು. ತೋಳಿನ ಮೇಲೆ ಬೇರೆ ಯಾವುದೋ ಕ್ಲಬ್ಬಿನ ಬಿಲ್ಲೆ, ಅಂಚಿನ ಹೊಲಿಗೆ ಅರ್ಧ ಬಿಚ್ಚಿದ್ದು. ಆ ಕ್ಲಬ್ಬಿನ ಹೆಸರು ಫಾರಂನಲ್ಲಿ ಇರಲಿಲ್ಲ. ಲೆಕ್ಕ ಹಾಕಿದರೆ ಎರಡು ವರ್ಷವೇ ಮಾಯ. ನಂಬರ್ ಹುಡುಕುವುದು ನನಗೆ ಹೊಸದಲ್ಲವಲ್ಲ. ಆ ಕಡೆ ಒಬ್ಬ ಹೆಂಗಸು ಫೋನ್ ಎತ್ತಿದಳು. ಅವನ ಹೆಸರು ಹೇಳಿದೆ. "ಹಾಂ, ಇದ್ರು. ಒಳ್ಳೇ ಕೆಲಸಗಾರ" ಅಂದಳು. ನಾನು ಕೇಳಿದೆ: "ನಿಮ್ಮ ಮಗಳನ್ನ ಅವರ ಕಾರಲ್ಲಿ ಒಬ್ಬಳನ್ನೇ ಕಳಿಸ್ತೀರಾ?"

ಮೂವತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡವಳು ನಾನು. ಲೈನ್ ಸತ್ತಾಗಿನ ಮೌನ ಬೇರೆ, ಮನುಷ್ಯರು ಉಸಿರು ಹಿಡಿದಾಗಿನ ಮೌನ ಬೇರೆ. ಫೋನ್ ಇಡದೆ ಕಾದೆ. ಕೊನೆಗೆ ಅವಳು, "ಇಬ್ಬರು ತಾಯಂದಿರು ಬಂದು ಹೇಳಿದ್ರು. ನಾವು ಇನ್ನು ಬರಬೇಡಿ ಅಂದ್ವಿ, ಅಷ್ಟೇ. ಕ್ಲಬ್ಬಿನ ಮರ್ಯಾದೆ ಅಂತ ಎಲ್ಲೂ ಬರೆದಿಡ್ಲಿಲ್ಲ. ನನ್ನ ಹೆಸರು ಹೇಳ್ಬೇಡಿ ಅಕ್ಕಾ" ಅಂದಳು.

ಎಷ್ಟು ಸಿಟ್ಟು ಬಂತು ಅಂತೀಯ! ಅವರ ಮರ್ಯಾದೆ ಉಳಿಯಿತು, ಅವನು ನಮ್ಮ ಮಕ್ಕಳ ಹತ್ತಿರ ಬಂದ.

ಅಧ್ಯಕ್ಷರಿಗೆ ಹೇಳಿದರೆ, "ಸಾಕ್ಷಿ ಎಲ್ಲಮ್ಮ? ಮುಂದಿನ ತಿಂಗಳು ಪಂದ್ಯ ಇದೆ, ಮಕ್ಕಳನ್ನ ಯಾರು ಕರ್ಕೊಂಡು ಹೋಗ್ತಾರೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ನೋಡಿ" ಅಂದರು. "ಸಾರ್, ನನ್ನ ಕೋಲು ಮುರಿದ್ರೂ ಪರವಾಗಿಲ್ಲ" ಅಂದೆ. ಅವತ್ತೇ ಸಂಜೆ ಬಾಗಿಲಲ್ಲಿ ನಿಂತು ಅವನಿಂದ ಬೀಗದಕೈ ವಾಪಸು ಇಸಿದುಕೊಂಡೆ. ಅವನು ನಗುತ್ತಲೇ ಕೊಟ್ಟ. "ಅಪ್ಪ-ಅಮ್ಮಂದಿರಿಗೆ ಏನು ಹೇಳ್ತೀರಿ ಮೇಡಂ?" ಅಂದ. "ಇದ್ದದ್ದನ್ನ ಇದ್ದ ಹಾಗೆ" ಅಂದೆ.

ಮರುದಿನದಿಂದ ನನಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಆರು ಮಕ್ಕಳನ್ನು ಬಿಡಿಸಿದರು. ಮಕ್ಕಳಿಲ್ಲದ ಹೆಂಗಸಿಗೆ ಊರ ಮಕ್ಕಳ ಉಸಾಬರಿ ಯಾಕೆ ಎಂದು ಒಬ್ಬಾಕೆ ನನ್ನೆದುರೇ ಅಂದಳು. ಮಕ್ಕಳು ಯಾರವು ಎಂದು ನೋಡಿ ಕಾಯುವುದಾದರೆ ಕಾವಲು ಯಾಕಮ್ಮಾ ಎಂದು ಕೇಳಿದೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಶಟಲ್ ಡಬ್ಬಿಗಳ ನಡುವೆ ನಿಂತು ಅತ್ತೆ. ಆದರೆ ಫಾರಂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕನೇ ದಿನ ಒಬ್ಬ ತಾಯಿ ಬಂದು ಈ ಕುರ್ಚಿಯ ಅಂಚಿಗೆ ಕೂತಳು. "ನನ್ನ ಮಗಳು ಎರಡು ತಿಂಗಳಿಂದ ನಡ್ಕೊಂಡೇ ಬರ್ತೀನಿ, ಕಾರ್ ಬೇಡ ಅಂತಿದ್ಲು. ಕೊಬ್ಬು ಅಂತ ಬೈದೆ. ನೀವು ಅವನನ್ನ ತೆಗೆದಿದ್ದು ಯಾಕೆ ಅಂತ ಗೊತ್ತಾದ ಮೇಲೆ ಹತ್ತಿರ ಕೂರಿಸ್ಕೊಂಡು ಕೇಳಿದೆ" ಅಂದಳು. ಮುಂದಿನದನ್ನು ಕಾಗದದಲ್ಲಿ ಬರೆಯಲಾರೆ. ಆ ಮಗುವಿಗೆ ಹನ್ನೆರಡು ವರ್ಷ. ಮೂವರೂ ಪೊಲೀಸ್ ಠಾಣೆಗೆ ಹೋದೆವು. ಮಗು ಒಂದು ಕೈಯಲ್ಲಿ ಅಮ್ಮನ ಸೆರಗು, ಇನ್ನೊಂದರಲ್ಲಿ ನನ್ನ ಚೀಲದ ಹಿಡಿ ಹಿಡಿದುಕೊಂಡು ಎಲ್ಲ ಹೇಳಿತು. ಮಹಿಳಾ ಅಧಿಕಾರಿ ಒಂದೇ ಒಂದು ಸಲವೂ ಅವಸರ ಮಾಡಲಿಲ್ಲ. ಅವನನ್ನು ಹಿಡಿದಿದ್ದಾರೆ. ಆ ಇನ್ನೊಂದು ಕ್ಲಬ್ಬಿನವಳೂ ಈಗ ಹೆಸರು ಕೊಟ್ಟು ಹೇಳಿಕೆ ಬರೆಸಿದ್ದಾಳೆ.

ಬಿಟ್ಟು ಹೋದ ಆರು ಮಕ್ಕಳಲ್ಲಿ ನಾಲ್ವರು ವಾಪಸು ಬಂದಿದ್ದಾರೆ. ಅಧ್ಯಕ್ಷರು ತಮ್ಮ ಫಾರಂ ತಾವೇ ತುಂಬಿ, ನಾನು ನೋಡದಿರುವಾಗ ಮೇಜಿನ ಮೇಲಿಟ್ಟು ಹೋದರು.

ನಿನ್ನೆ ಗಟ್ಟಿಂಗ್ ಮಾವ ಬಂದರು. ಮುದ್ದೆ ಮಾಡಿ ಎಸೆದಿದ್ದ ಅದೇ ಫಾರಂ ಯಾವಾಗಲೋ ಹೆಕ್ಕಿಕೊಂಡು ಹೋಗಿ ಇಸ್ತ್ರಿ ಮಾಡಿಸಿದ್ದರು! ಪೊಲೀಸ್ ಪತ್ರವೂ ಜೊತೆಗಿತ್ತು. "ನನಗೆ ಅವಮಾನ ಆಯ್ತು ಅಂತ ಕೂಗಾಡ್ದೆ. ಆ ಮಗು ಮುಂದೆ ನಂದೂ ಒಂದು ಅವಮಾನನಾ" ಅಂದರು. ಅವರನ್ನು ಅನುಮಾನಿಸಿದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. "ಅನುಮಾನ ಪಡು, ಅದಕ್ಕೇ ಅಲ್ವಾ ನಿನ್ನ ಇಟ್ಕೊಂಡಿರೋದು" ಎಂದು ನಕ್ಕರು. ಆಮೇಲೆ ಫೈಲ್ ತಿರುವಿ ಹಾಕಿ, "ಎಲ್ಲಾರದೂ ಇದೆ. ನಿನ್ನ ಫಾರಂ ಎಲ್ಲಮ್ಮಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ?" ಅಂದರು.

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇವತ್ತು ಬೆಳಿಗ್ಗೆ ಬೇಗ ಬಂದು, ಬಾಗಿಲು ಹಾಕಿಕೊಂಡು, ನನ್ನ ಫಾರಂ ತುಂಬಿದೆ. ಎಂಟು ಪ್ರಶ್ನೆ ಐದು ನಿಮಿಷ. ಚಿಕ್ಕಂದಿನಿಂದ ನನ್ನನ್ನು ಬಲ್ಲವರ ಜಾಗದಲ್ಲಿ ನಿನ್ನ ನಂಬರ್ ಕೊಟ್ಟಿದ್ದೇನೆ. ಈ ವಾರ ಗಟ್ಟಿಂಗ್ ಮಾವ ನಿನಗೆ ಫೋನ್ ಮಾಡುತ್ತಾರೆ. ಗಂಟಲು ದೊಡ್ಡದು, ಗಾಬರಿಯಾಗಬೇಡ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದು ತಪ್ಪಿಸಬೇಡ. ನಿನ್ನ ಮನೆ ತಣ್ಣಗಿರಲಿ, ನಿಮ್ಮಿಬ್ಬರ ಜಗಳ ಸಕ್ಕರೆ ಡಬ್ಬಿಗಿಂತ ದೊಡ್ಡದಾಗದಿರಲಿ. ಮೊಮ್ಮಗಳ ತಲೆಯ ಮೇಲೆ ನನ್ನ ಎರಡೂ ಕೈ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಪುಟ್ಟಿ. ತಡಕ್ಕೆ ಕಾರಣ ಜಗಳ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಿನ್ನ ಕಾಗದದ ಕೊನೆಯಲ್ಲಿ, "ಮೊಮ್ಮಗಳನ್ನ ಶಟಲ್‌ಗೆ ಸೇರಿಸ್ತಾರಂತೆ, ನಾನು ಏನು ಹೇಳಲಿ ಅಕ್ಕಾ?" ಎಂದು ಒಂದೇ ಸಾಲು ಬರೆದಿದ್ದೆ. ಅದನ್ನು ಓದಿದ ದಿನವೇ ಆ ಸುತ್ತೋಲೆಯನ್ನು ಮೇಜಿನ ಕಾಲಡಿಯಿಂದ ಎಳೆದದ್ದು. ನಿನಗೆ ಹನ್ನೆರಡು, ನನಗೆ ಹದಿನೇಳು. ನೀನು ಹಿತ್ತಲ ಬಾಗಿಲಲ್ಲಿ ನಿಂತು "ಅಕ್ಕಾ, ಮೇಷ್ಟ್ರು..." ಎಂದು ಶುರುಮಾಡಿದ್ದೆ. ಮುಂದಿನ ವಾರ ನನ್ನ ಆಯ್ಕೆ ಪಂದ್ಯವಿತ್ತು, ಟೀಮಿಗೆ ಆರಿಸುವವರು ಅವರೇ. "ಬಾಯ್ಮುಚ್ಕೋ, ಅಮ್ಮನಿಗೆ ಹೇಳೀಯ" ಅಂದೆ. ನೀನು ರ‍್ಯಾಕೆಟ್ಟನ್ನು ಅಟ್ಟಕ್ಕೆ ಹಾಕಿದೆ, ನಾನು ಟೀಮಿಗೆ ಆಯ್ಕೆಯಾದೆ. ನಲವತ್ತಮೂರು ವರ್ಷ ನಾವಿಬ್ಬರೂ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ಬಂದೆವು.

ಒಂಬತ್ತನೇ ಪ್ರಶ್ನೆಗೆ "ಹೌದು" ಎಂದು ಬರೆದಿದ್ದೇನೆ. ಫೋನ್ ಬಂದಾಗ, ಅಕ್ಕ ಒಳ್ಳೆಯವಳು ಎಂದು ಬಾಯಿಪಾಠ ಒಪ್ಪಿಸಬೇಡ. ಏನೂ ಹೇಳುವುದು ಬೇಡ ಅನ್ನಿಸಿದರೆ ಅದೂ ನಿನ್ನಿಷ್ಟ. ಹೇಳಬೇಕೆನ್ನಿಸಿದರೆ ನಡೆದದ್ದನ್ನು ಹೇಳು. ಆಮೇಲೆ ಇವರು ನನ್ನನ್ನು ಇಟ್ಟುಕೊಳ್ಳಲಿ, ಬಿಡಲಿ. ಎದುರಿನವರು ಸುಮ್ಮನಾದರೆ ಫೋನ್ ಇಡಬಾರದು, ಕಾಯಬೇಕು ಎಂದು ಮಾವನಿಗೆ ಹೇಳಿಕೊಟ್ಟಿದ್ದೇನೆ. ಈ ಸಲ ನಿನ್ನ ಮಾತು ಮುಗಿಯುವ ತನಕ ಯಾರೂ ನಿನಗೆ ಬಾಯ್ಮುಚ್ಕೋ ಅನ್ನುವುದಿಲ್ಲ.